ತಟ್ಟೆಯಲ್ಲಿರುವ ಸಕ್ಕರೆಯ ಲೆಕ್ಕ



ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅರ್ಜಿಯ ಮೇಲೆ ಬರೆದಿರುವ ಕಾರಣ ಒಬ್ಬೊಬ್ಬರದು ಒಂದೊಂದು. ಒಬ್ಬರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಇನ್ನೊಬ್ಬರ ಕಾಲಿನ ಗಾಯ ಮಾಗದೆ ಬೆರಳು ತೆಗೆದಿದ್ದಾರೆ. ಮತ್ತೊಬ್ಬರಿಗೆ ಕಣ್ಣಿಗೆ ಲೇಸರ್, ಮಗದೊಬ್ಬರಿಗೆ ಹೃದಯದಲ್ಲಿ ಸ್ಟೆಂಟ್. ಜೊತೆಗಿಟ್ಟ ಆಸ್ಪತ್ರೆಯ ಕಾಗದಗಳನ್ನು ತಿರುವುತ್ತಾ ಹೋದರೆ ಬಹಳಷ್ಟರಲ್ಲಿ ಅದೇ ಸಾಲು ಸಿಗುತ್ತದೆ: ಇಷ್ಟು ವರ್ಷಗಳಿಂದ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆ ಇದೆ. ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗಿಂತ ಹೆಚ್ಚು. ಆದ್ದರಿಂದ ನಮ್ಮ ಅರ್ಜಿಗಳಲ್ಲಿ ಆ ಸಾಲು ಮತ್ತೆ ಮತ್ತೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ನಾನು ವೈದ್ಯನಲ್ಲ. ಓದಿದ್ದು ಬಿ.ಕಾಂ., ಮಾಡಿದ್ದು ಲೆಕ್ಕದ ಕೆಲಸ. ಆದರೆ ನನಗೂ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ವೈದ್ಯರು ಮಾತ್ರೆ ಬರೆದುಕೊಟ್ಟಾರು, ರಕ್ತಪರೀಕ್ಷೆಗೆ ಕಳಿಸಿಯಾರು. ನಮ್ಮ ತಟ್ಟೆಗೆ ಬೀಳುವ ಅನ್ನವನ್ನು ಲೆಕ್ಕ ಹಾಕಬೇಕಾದವರು ನಾವೇ. ಕೂಡುವುದು, ಭಾಗಿಸುವುದು ಬಂದವರಿಗೆಲ್ಲ ಅದು ಸಾಧ್ಯ. ಈ ಲೆಕ್ಕಕ್ಕೂ ನಮ್ಮ ನಿಧಿಯ ಹೊಸ ನಿರ್ಧಾರವೊಂದಕ್ಕೂ ಸಂಬಂಧವಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ಗುಣಾಕಾರ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಲ್ಯಾಬಿನ ವರದಿಯಲ್ಲಿ ಸಕ್ಕರೆ 100 ಎಂದು ಬಂದರೆ ಅದರ ಅರ್ಥ ಪ್ರತಿ 100 ಮಿಲಿ ಲೀಟರಿನಲ್ಲಿ 100 ಮಿಲಿಗ್ರಾಂ ಗ್ಲುಕೋಸ್ ಎಂದು. ಐದು ಲೀಟರಿನಲ್ಲಿ 100 ಮಿಲಿ ಲೀಟರಿನ ಪಾಲು 50. ಐವತ್ತನ್ನು 100 ಮಿಲಿಗ್ರಾಮಿನಿಂದ ಗುಣಿಸಿದರೆ 5000 ಮಿಲಿಗ್ರಾಂ, ಅಂದರೆ 5 ಗ್ರಾಂ. ಒಂದು ಚಹದ ಚಮಚ! ಆರೋಗ್ಯವಂತನ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಓಡಾಡುತ್ತಿರುವ ಸಕ್ಕರೆ ಹೆಚ್ಚುಕಡಿಮೆ ಇಷ್ಟೇ. ಅದು 200 ಆದರೆ ಎರಡು ಚಮಚ. ಚಮಚ ಒಂದಕ್ಕೂ ಎರಡಕ್ಕೂ ನಡುವಿನ ಈ ವ್ಯತ್ಯಾಸವೇ ವರ್ಷಗಟ್ಟಲೆ ನಡೆದರೆ ಮೂತ್ರಪಿಂಡ, ಕಣ್ಣು, ಕಾಲಿನ ನರಗಳನ್ನು ತಿನ್ನುತ್ತದೆ.

ಈಗ ನಮ್ಮ ಮಧ್ಯಾಹ್ನದ ಊಟ ನೋಡಿ. ಎರಡು ವಾಟಿ ಅನ್ನ, ಒಂದು ಚಪಾತಿ, ಒಂದು ವಾಟಿ ಸಾಂಬಾರು, ಸ್ವಲ್ಪ ಮೊಸರು. ಸಿಹಿ ಎನ್ನುವುದು ಏನೂ ಇಲ್ಲ. ಹಾಗಿದ್ದೂ ಇದರಲ್ಲಿ ಸುಮಾರು 95 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನಾರಿನ ಅಂಶ ಬಿಟ್ಟರೆ ಕಾರ್ಬೋಹೈಡ್ರೇಟ್ ಎಂದರೆ ಪಿಷ್ಟ ಮತ್ತು ಸಕ್ಕರೆ. ಪಿಷ್ಟ ಎನ್ನುವುದು ಗ್ಲುಕೋಸಿನ ಕಣಗಳನ್ನು ಸರದಂತೆ ಪೋಣಿಸಿದ ಪದಾರ್ಥ. ಬಾಯಿಯ ಜೊಲ್ಲಿನಲ್ಲೇ ಆ ಸರ ಹರಿಯಲು ಶುರುವಾಗುತ್ತದೆ. ಬರಿಯ ಅನ್ನವನ್ನು ನುಂಗದೆ ಒಂದೆರಡು ನಿಮಿಷ ಅಗಿಯುತ್ತಾ ಇದ್ದರೆ ಸಿಹಿ ರುಚಿ ಬರುವುದು ಇದೇ ಕಾರಣಕ್ಕೆ. ಉಳಿದದ್ದು ಸಣ್ಣ ಕರುಳಿನಲ್ಲಿ ಒಡೆದು, ಒಂದೆರಡು ಗಂಟೆಯೊಳಗೆ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಐದು ಗ್ರಾಂ ಇರಬೇಕಾದ ಜಾಗಕ್ಕೆ ತೊಂಬತ್ತೈದು ಗ್ರಾಂ ಜಮೆ!

ಬ್ಯಾಂಕಿನ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಶಾಖೆಯಲ್ಲಿ ಇಟ್ಟುಕೊಳ್ಳಬಹುದಾದ ನಗದಿಗೆ ಮಿತಿಯಿರುತ್ತದೆ. ಹೆಚ್ಚಾದದ್ದನ್ನು ಕರೆನ್ಸಿ ಚೆಸ್ಟಿಗೆ ಕಳಿಸಬೇಕು. ಮೈಯಲ್ಲಿ ಆ ಚೆಸ್ಟು ಯಕೃತ್ತು ಮತ್ತು ಸ್ನಾಯುಗಳು. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಹಿಡಿಸುತ್ತದೆ. ಅಲ್ಲೂ ತುಂಬಿದ ಮೇಲೆ ಉಳಿದದ್ದು ಕೊಬ್ಬಾಗುತ್ತದೆ. ಬಾಗಿಲು ತೆರೆಯುವ ಬೀಗದಕೈ ಇನ್ಸುಲಿನ್. ನನ್ನಂಥ ಎರಡನೇ ಬಗೆಯ ಮಧುಮೇಹಿಗಳಲ್ಲಿ ಬೀಗಕ್ಕೆ ತುಕ್ಕು ಹಿಡಿದಿರುತ್ತದೆ, ಇನ್ಸುಲಿನ್ ಇದ್ದರೂ ಸರಿಯಾಗಿ ತೆರೆಯದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೇ ಬಗೆಯಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಅವರಿಗೆ ಬೀಗದಕೈಯನ್ನು ಹೊರಗಿನಿಂದ, ಸೂಜಿಯಲ್ಲಿ ಕೊಡಬೇಕು.

ಆದ್ದರಿಂದ ಲೆಕ್ಕ ಇಡಬೇಕಾದದ್ದು ಸಕ್ಕರೆ ಡಬ್ಬಿಯದ್ದಷ್ಟೇ ಅಲ್ಲ. ನಮ್ಮವರಲ್ಲಿ ‘ನಾನು ಸಿಹಿ ಮುಟ್ಟುವುದೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವವರು ಬಹಳ. ಚಹಕ್ಕೆ ಸಕ್ಕರೆ ಬಿಟ್ಟರೆ ಒಂದು ಲೋಟಕ್ಕೆ ಉಳಿಯುವುದು ಐದೋ ಹತ್ತೋ ಗ್ರಾಂ. ಅದು ಒಳ್ಳೆಯದೇ, ನಾಲ್ಕು ಸಲ ಕುಡಿಯುವವರಿಗೆ ದಿನಕ್ಕೆ ನಲವತ್ತು ಗ್ರಾಂ ಉಳಿತಾಯ. ಆದರೆ ಅವರೇ ರಾತ್ರಿ ಮೂರು ವಾಟಿ ಅನ್ನ ಉಂಡರೆ ಅಲ್ಲಿ ತೊಂಬತ್ತು ಗ್ರಾಂ ಬಂತು. ಇನ್ನು ಕೆಲವರು ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಳ್ಳುತ್ತಾರೆ, ಜೇನುತುಪ್ಪ ಬೆರೆಸುತ್ತಾರೆ. ರಕ್ತದ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ.

ಈಗ ಅಳತೆಗೆ ಬರೋಣ. ಅಕ್ಕಿ, ಬೇಳೆ, ಹಿಟ್ಟುಗಳಲ್ಲಿ ಎಷ್ಟೆಷ್ಟು ಏನೇನಿದೆ ಎಂಬ ಲೆಕ್ಕವನ್ನು ನಮ್ಮ ದೇಶದಲ್ಲಿ ಮಾಡಿಟ್ಟಿರುವುದು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ. 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಹುಟ್ಟಿ ಆಮೇಲೆ ಹೈದರಾಬಾದಿಗೆ ಬಂದ ಸಂಸ್ಥೆ ಅದು. 1971ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರ ಪುಸ್ತಕ ಬಂತು. 2017ರಲ್ಲಿ 528 ಆಹಾರ ಪದಾರ್ಥಗಳ ಹೊಸ ಕೋಷ್ಟಕ ಬಂತು. ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುವ ಚಾಳಿ ನನ್ನದು. ಪಾಲಿಶ್ ಮಾಡಿದ ಅಕ್ಕಿಗೆ ಎರಡರಲ್ಲೂ 100 ಗ್ರಾಮಿಗೆ 78 ಗ್ರಾಂ. ರಾಗಿಗೆ ಹಳೆಯದರಲ್ಲಿ 72, ಹೊಸದರಲ್ಲಿ 67. ಜೋಳಕ್ಕೆ ಹಳೆಯದು 72ರ ಮೇಲೆ, ಹೊಸದು 68ರ ಹತ್ತಿರ. ಗೋಧಿ ಹಿಟ್ಟಿಗೆ 69 ಇದ್ದದ್ದು 64 ಆಗಿದೆ. ಧಾನ್ಯ ಬದಲಾಗಿದ್ದಕ್ಕಿಂತ ನಾರಿನ ಅಂಶವನ್ನು ಅಳೆಯುವ ವಿಧಾನ ಬದಲಾದದ್ದು ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ. ಹಿಂದೆ ನಾರಿನ ಒಂದು ಭಾಗ ಮಾತ್ರ ಲೆಕ್ಕಕ್ಕೆ ಸಿಗುತ್ತಿತ್ತು. ಈಗ ರಾಗಿಯಲ್ಲಿ ನೂರಕ್ಕೆ 11 ಗ್ರಾಂ ನಾರು ಇದೆ ಎಂದು ಬರೆಯುತ್ತಾರೆ.

ಈ ಅಂಕಿಗಳಿಂದ ತಿಳಿಯುವ ಮುಖ್ಯ ಸಂಗತಿ ಏನೆಂದರೆ, ಅಕ್ಕಿ, ರಾಗಿ, ಜೋಳ, ಗೋಧಿ ನಾಲ್ಕೂ ಒಂದೇ ಓಣಿಯ ಮನೆಗಳು. ನಮ್ಮ ಕಡೆಯವರಿಗೆ, ಅಂದರೆ ಧಾರವಾಡದವರಿಗೆ, ಜೋಳದ ರೊಟ್ಟಿ ತಿಂದರೆ ಸಕ್ಕರೆ ಬರುವುದಿಲ್ಲ ಎಂಬ ನಂಬಿಕೆ. ಮಂಡ್ಯ, ತುಮಕೂರಿನವರಿಗೆ ಮುದ್ದೆಯ ಮೇಲೆ ಅದೇ ನಂಬಿಕೆ. ಉಡುಪಿ, ಕುಂದಾಪುರದವರು ಕುಚ್ಚಲಕ್ಕಿಯನ್ನು ಬಿಟ್ಟುಕೊಡಲಾರರು. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಮೂರನ್ನೂ ಬಿಟ್ಟು ಪಾವ್ ತಿನ್ನುತ್ತಾರೆ. 75 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಗಲವಾದ ಜೋಳದ ರೊಟ್ಟಿಗೆ 45 ಗ್ರಾಂ ಹಿಟ್ಟು ಹಿಡಿದರೆ 30. 30 ಗ್ರಾಂ ಹಿಟ್ಟಿನ ಚಪಾತಿಗೆ ಸುಮಾರು 20. ನಾರು ಹೆಚ್ಚಿರುವ ಧಾನ್ಯ ನಿಧಾನವಾಗಿ ಕರಗುತ್ತದೆ, ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಅದು ನಿಜವಾದ ಲಾಭ. ಆದರೆ ಎರಡು ಮುದ್ದೆ ನುಂಗಿದರೆ ನೂರು ಗ್ರಾಂ ನೂರು ಗ್ರಾಮೇ.

ಅನ್ನದ ವಿಷಯದಲ್ಲಿ ಎಲ್ಲರೂ ಎಡವುವುದು ನೀರಿನಲ್ಲಿ. ಅಕ್ಕಿ ಬೆಂದಾಗ ನೀರು ಕುಡಿದು ತೂಕ ಎರಡೂವರೆ ಮೂರು ಪಟ್ಟಾಗುತ್ತದೆ. ಆದ್ದರಿಂದ ಅಕ್ಕಿಯ 78ನ್ನು ಅನ್ನಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಮನೆಯಲ್ಲಿ ಮಾಡುವ ವಿಧಾನ ಹೀಗಿದೆ. ನಾಲ್ಕು ಜನರಿಗೆ 300 ಗ್ರಾಂ ಅಕ್ಕಿ ತೂಗಿ ಹಾಕುತ್ತೇವೆ. ಅದರಲ್ಲಿ ಕಾರ್ಬೋಹೈಡ್ರೇಟ್ ಸುಮಾರು 235 ಗ್ರಾಂ. ಕುಕ್ಕರಿನ ಪಾತ್ರೆಯ ಖಾಲಿ ತೂಕ ಗೊತ್ತಿದೆ, ಅದನ್ನು ಕಳೆದರೆ ಬೆಂದ ಅನ್ನ 850 ಗ್ರಾಂ ತೂಗುತ್ತದೆ. 235ನ್ನು 850ರಿಂದ ಭಾಗಿಸಿದರೆ ಒಂದು ಗ್ರಾಂ ಅನ್ನಕ್ಕೆ 0.28. ನನ್ನ ತಟ್ಟೆಗೆ 100 ಗ್ರಾಂ ಅನ್ನ ಬಡಿಸಿದರೆ 28 ಗ್ರಾಂ, 200 ಬಡಿಸಿದರೆ 56. ಸರಕಿನ ಒಟ್ಟು ಬೆಲೆ ಗೊತ್ತಿದ್ದರೆ ಬಿಡಿ ನಗದ ಬೆಲೆ ತೆಗೆಯುವಂತೆಯೇ ಇದು. ಅಡುಗೆಮನೆಯ ಸಣ್ಣ ತಕ್ಕಡಿ ಈಗ ಐದಾರು ನೂರು ರೂಪಾಯಿಗೆ ಸಿಗುತ್ತದೆ. ಜೀವನಪೂರ್ತಿ ತೂಗುತ್ತಾ ಕೂರಬೇಕಾಗಿಲ್ಲ. ಎರಡು ವಾರ ತೂಗಿದರೆ ಕಣ್ಣಿಗೇ ಅಂದಾಜು ಬರುತ್ತದೆ. ನಮ್ಮ ಮನೆಯ 150 ಮಿಲಿ ಲೀಟರಿನ ಸ್ಟೀಲ್ ವಾಟಿ ಒಂದನ್ನು ಅನ್ನಕ್ಕೇ ಮೀಸಲಿಟ್ಟಿದ್ದೇವೆ. ಒತ್ತದೆ ತುಂಬಿದರೆ ಅದರಲ್ಲಿ 30 ಗ್ರಾಂ ಎಂದು ಲೆಕ್ಕ. ಮನೆಯಾಕೆ ಅದಕ್ಕೆ ‘ನಿಮ್ಮ ರೇಶನ್ ವಾಟಿ’ ಎನ್ನುತ್ತಾಳೆ.

ತಿಂಡಿಗಳಿಗೂ ಇದೇ ಉಪಾಯ: ಒಣ ಪದಾರ್ಥವನ್ನು ತೂಗಿ. ಒಬ್ಬರ ಉಪ್ಪಿಟ್ಟಿಗೆ 50 ಗ್ರಾಂ ರವೆ ಹಿಡಿದರೆ 35 ಗ್ರಾಂ. ಅಷ್ಟೇ ಅವಲಕ್ಕಿಗೆ 38. ಸಾಬೂದಾಣೆ ಖಿಚಡಿಯನ್ನು ಇಲ್ಲಿ ಏಕಾದಶಿ, ಸಂಕಷ್ಟಿಗೆ ಎಲ್ಲರೂ ಮಾಡುತ್ತಾರೆ. 50 ಗ್ರಾಂ ಒಣ ಸಾಬೂದಾಣೆಯಲ್ಲಿ 43 ಗ್ರಾಂ, ಬಟಾಟೆ ಬೇರೆ. ಉಪವಾಸವೆಂದು ಹೆಸರು, ಜಮೆ ಮಾತ್ರ ಊಟಕ್ಕಿಂತ ಕಡಿಮೆಯಿಲ್ಲ. ಮನೆಯ ಸಾಧಾರಣ ಇಡ್ಲಿ ಒಂದಕ್ಕೆ 10ರಿಂದ 12. ನೀರುದೋಸೆ ತೆಳ್ಳಗಿದೆ ಎಂದು ಆರು ಹೊಡೆಯುವವರಿದ್ದಾರೆ. ಒಂದಕ್ಕೆ 20 ಗ್ರಾಂ ಅಕ್ಕಿ ಹಿಡಿದರೂ ಆರಕ್ಕೆ ತೊಂಬತ್ತು ದಾಟಿತು. ಹೋಟೆಲಿನ ಮಸಾಲೆದೋಸೆ ಪಲ್ಯ ಸೇರಿ 50ರ ಆಸುಪಾಸು, ವಡಾಪಾವ್ 35ರಿಂದ 40 ಎಂದು ನಾನು ಬರೆದುಕೊಳ್ಳುತ್ತೇನೆ. ಹೊರಗಿನ ತಿಂಡಿಗೆ ಇದಕ್ಕಿಂತ ನಿಖರತೆ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬೇಳೆಯಲ್ಲಿ ಪ್ರೋಟೀನು ಇದೆಯೆಂದು ಅದನ್ನು ಪೂರ್ತಿ ಬಿಡುವಂತಿಲ್ಲ. ತೊಗರಿಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ. ಆದರೆ ಒಂದು ವಾಟಿ ಸಾಂಬಾರಿಗೆ ಬೀಳುವ ಬೇಳೆ ಸ್ವಲ್ಪ, ಹತ್ತು ಹನ್ನೆರಡು ಗ್ರಾಮಿಗೆ ಮುಗಿಯಿತು. ಉಡುಪಿ ಸಾಂಬಾರಿನ ಬೆಲ್ಲವನ್ನು ಸೇರಿಸಿಕೊಳ್ಳಿ.

ಒಂದು ಲೋಟ ಹಾಲಿಗೆ ಒಂಬತ್ತು ಹತ್ತು ಗ್ರಾಂ, ಒಂದು ವಾಟಿ ಮೊಸರಿಗೆ ಐದರಷ್ಟು. ಸಣ್ಣ ಏಲಕ್ಕಿ ಬಾಳೆಹಣ್ಣಿಗೆ 10ರಿಂದ 12, ಇಲ್ಲಿ ಡಜನ್ ಲೆಕ್ಕದಲ್ಲಿ ಮಾರುವ ಉದ್ದ ಬಾಳೆಹಣ್ಣಿಗೆ ಅದರ ಎರಡು ಪಟ್ಟು. ಮಾವಿನ ಹಣ್ಣು ಒಂದಕ್ಕೆ 25ರಿಂದ 35. ಮೇ ತಿಂಗಳಲ್ಲಿ ಹಾಪೂಸ್ ತಿನ್ನಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ಅರ್ಧ ಹಣ್ಣು ತಿಂದು ಒಂದು ಚಪಾತಿ ಕಡಿಮೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಸೊಪ್ಪು, ಬೆಂಡೆ, ಬದನೆ, ಸೌತೆ, ಹೀರೆ, ಎಲೆಕೋಸು ಇವನ್ನು ಲೆಕ್ಕಕ್ಕೇ ಹಿಡಿಯುವುದು ಬೇಡ. ಮೀನು, ಮೊಟ್ಟೆ, ಕೋಳಿಯಲ್ಲಿ ಕಾರ್ಬೋಹೈಡ್ರೇಟ್ ಇಲ್ಲವೆನ್ನುವಷ್ಟು ಕಡಿಮೆ. ಕೋರಿ ರೊಟ್ಟಿಯಲ್ಲಿ ಲೆಕ್ಕ ಇಡಬೇಕಾದದ್ದು ರೊಟ್ಟಿಯದು, ಕೋರಿಯದಲ್ಲ.

ಅಂಗಡಿಯ ಪೊಟ್ಟಣಗಳ ಬಗ್ಗೆ ಒಂದು ಮಾತು. ಹಿಂಭಾಗದಲ್ಲಿ ಸಣ್ಣ ಅಕ್ಷರದ ಕೋಷ್ಟಕವಿರುತ್ತದೆ. ಅದರಲ್ಲಿ ‘ಶುಗರ್’ ಎಂಬ ಸಾಲನ್ನು ಮಾತ್ರ ನೋಡಿ ಸಮಾಧಾನ ಪಡಬೇಡಿ, ಅದರ ಮೇಲಿರುವ ‘ಕಾರ್ಬೋಹೈಡ್ರೇಟ್’ ಸಾಲನ್ನು ನೋಡಿ. ಸಕ್ಕರೆ ಸೇರಿಸಿಲ್ಲ ಎಂದು ಮುಂಭಾಗದಲ್ಲಿ ದಪ್ಪಗೆ ಬರೆದ ಬಿಸ್ಕತ್ತಿನಲ್ಲಿಯೂ ಮೈದಾ ಇದ್ದೇ ಇರುತ್ತದೆ. ಮಾರಿ ಬಿಸ್ಕತ್ತು ಒಂದಕ್ಕೆ ನಾಲ್ಕೂವರೆ ಗ್ರಾಮಿನಷ್ಟಾಗುತ್ತದೆ. ಚಹದ ಜೊತೆ ನಾಲ್ಕು ಹೋದರೆ ಅದು ಒಂದು ಚಪಾತಿಗೆ ಹತ್ತಿರ. ಇನ್ನೊಂದು ಜಾಣತನವೆಂದರೆ ಕೋಷ್ಟಕದ ಅಂಕಿ ಪೊಟ್ಟಣಕ್ಕೋ, ನೂರು ಗ್ರಾಮಿಗೋ, ಒಂದು ‘ಸರ್ವಿಂಗ್’ಗೋ ಎಂಬುದನ್ನು ನೋಡುವುದು. ಸಾಲದ ಬಡ್ಡಿ ತಿಂಗಳಿಗೋ ವರ್ಷಕ್ಕೋ ಎಂದು ಕೇಳುವ ನಾವು ಇದನ್ನೇಕೆ ಕೇಳಬಾರದು?

ಈಚೆಗೆ ಎಲ್ಲರ ಬಾಯಲ್ಲೂ ‘ಗ್ಲೈಸೆಮಿಕ್ ಇಂಡೆಕ್ಸ್’ ಎಂಬ ಮಾತು ಕೇಳುತ್ತಿದೆ. ಒಂದು ಪದಾರ್ಥ ಎಷ್ಟು ಬೇಗ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂಬ ಅಂಕ ಅದು. ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಮುಂದಿಟ್ಟದ್ದು. ಉಪಯುಕ್ತವೇ. ಆದರೆ ಅದನ್ನೇ ಹಿಡಿದು ‘ಇಂಡೆಕ್ಸ್ ಕಡಿಮೆ’ ಎಂಬ ಅಕ್ಕಿಯನ್ನು ದುಪ್ಪಟ್ಟು ಬೆಲೆ ಕೊಟ್ಟು ತಂದು ಎರಡು ಪಟ್ಟು ಉಣ್ಣುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಪ್ರಮಾಣ, ಆಮೇಲೆ ವೇಗ. ವೇಗ ತಗ್ಗಿಸಲು ಖರ್ಚಿಲ್ಲದ ದಾರಿಯೂ ಇದೆ: ಕೋಸಂಬರಿ, ಪಲ್ಯ, ಬೇಳೆಯನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಣ್ಣುವುದು. ನಮ್ಮ ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ. ನಾವು ಅನ್ನ ಬರುವ ತನಕ ಅವನ್ನು ಮುಟ್ಟದೆ ಕೂರುತ್ತೇವೆ, ಅಷ್ಟೆ.

ಹಾಗಾದರೆ ದಿನಕ್ಕೆ ಎಷ್ಟು? ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ತೂಕ, ವಯಸ್ಸು, ಕೆಲಸ, ಔಷಧಿ ನೋಡಿ ನಿಮ್ಮ ವೈದ್ಯರು ಅಥವಾ ಆಹಾರತಜ್ಞರು ಹೇಳಬೇಕು. ನನಗೆ ಹೇಳಿದ್ದು ಪ್ರತಿ ಊಟಕ್ಕೆ 45ರಿಂದ 50 ಗ್ರಾಂ, ನಡುವಿನ ತಿಂಡಿಗೆ 15. ಅದನ್ನು ಹೇಗೆ ಖರ್ಚು ಮಾಡಬೇಕೆಂಬುದು ನನಗೆ ಬಿಟ್ಟದ್ದು. ಒಂದು ವಾಟಿ ಅನ್ನ, ಸಾಂಬಾರು, ಮೊಸರು, ಬೇಕಾದಷ್ಟು ಪಲ್ಯ. ಇಲ್ಲವೇ ಎರಡು ಚಪಾತಿ, ಬೇಳೆ ತೊವ್ವೆ. ನನ್ನ ಮೀಟರಿನಲ್ಲಿ ನೋಡಿದ್ದು ಇಷ್ಟು: ಎರಡೂವರೆ ವಾಟಿ ಅನ್ನದ ಊಟವಾಗಿ ಎರಡು ಗಂಟೆಗೆ 212. ಅದೇ ಸಾಂಬಾರು, ಅದೇ ಪಲ್ಯ, ಒಂದು ವಾಟಿ ಅನ್ನವಾದರೆ 158, 161, 154. ಮಾತ್ರೆ ಬದಲಾಗಿರಲಿಲ್ಲ. ಈ ಎರಡು ಸಾಲಿನ ಅಂಕಿ ಕಂಡ ಮೇಲೆ ನನಗೆ ಯಾರ ಉಪದೇಶವೂ ಬೇಕಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಕೆಲವು ಮಾತ್ರೆ ನುಂಗುವವರು, ಈ ಲೇಖನ ಓದಿ ನಾಳೆಯಿಂದಲೇ ಅನ್ನವನ್ನು ಅರ್ಧಕ್ಕಿಳಿಸಬೇಡಿ. ಔಷಧಿ ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಬೆವರು, ಕೈ ನಡುಕ, ಎದೆ ಬಡಿತ, ಕಣ್ಣು ಮಂಜಾಗುವುದು, ವಿನಾಕಾರಣ ಸಿಟ್ಟು ಇವು ಅದರ ಗುರುತು. ಆಗ ಕೂಡಲೇ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಹದ ಚಮಚ, ನೀರಿನಲ್ಲಿ ಕರಗಿಸಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಸಾಗಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ಅನ್ನದ ಬದಲು ಬೇಳೆ, ಮೊಟ್ಟೆ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ನನ್ನಂಥವರಿಗೆ ಈ ಲೆಕ್ಕ ಹತ್ತು ಗ್ರಾಂ ಅತ್ತಿತ್ತ ಆದರೂ ನಡೆಯುತ್ತದೆ. ನಡೆಯದವರೂ ಇದ್ದಾರೆ. ನಮ್ಮ ಸದಸ್ಯರೊಬ್ಬರ ಮಗಳು, ಒಂಬತ್ತನೇ ತರಗತಿ, ಮೊದಲನೇ ಬಗೆಯ ಮಧುಮೇಹ. ತಂದೆ ಠಾಣೆಯ ಕಡೆ ಹೋಟೆಲೊಂದರಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುವವರು. ತಾಯಿ ಕುಂದಾಪುರದ ಕಡೆಯವರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಹುಡುಗಿಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಊಟಕ್ಕೆ ಮುಂಚೆ ರಕ್ತ ನೋಡಬೇಕು, ತಟ್ಟೆಯಲ್ಲಿರುವ ಕಾರ್ಬೋಹೈಡ್ರೇಟ್ ಕೂಡಬೇಕು, ಅದರ ಮೇಲೆ ಸೂಜಿಯ ಪ್ರಮಾಣ ನಿಶ್ಚಯವಾಗಬೇಕು. ಅವಳ ವೈದ್ಯರು ಹೇಳಿರುವ ದರ 12 ಗ್ರಾಮಿಗೆ ಒಂದು ಯೂನಿಟ್. ಈ ದರ ಮಗುವಿನಿಂದ ಮಗುವಿಗೆ ಬೇರೆ, ಒಂದೇ ಮಗುವಿಗೆ ಬೆಳಿಗ್ಗೆಗೂ ರಾತ್ರಿಗೂ ಬೇರೆಯಿರಬಹುದು. ಮೂರು ಇಡ್ಲಿ, ಅರ್ಧ ಲೋಟ ಹಾಲು ಎಂದರೆ 36 ಗ್ರಾಂ, ಮೂರು ಯೂನಿಟ್. ಇಡ್ಲಿ ಐದಾದರೆ ಸೂಜಿಯೂ ಏರಬೇಕು. ಸೂಜಿ ಕೊಟ್ಟ ಮೇಲೆ ಮಗು ಊಟ ಬೇಡವೆಂದು ಎದ್ದರೆ ಸಕ್ಕರೆ ಕುಸಿಯುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊತ್ತಮೊದಲು ಇನ್ಸುಲಿನ್ ಕೊಟ್ಟರು. ಅದಕ್ಕಿಂತ ಮುಂಚೆ ಇಂಥ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಇಂದು ಇವಳು ಶಾಲೆಗೆ ಹೋಗುತ್ತಾಳೆ, ಖೊ ಖೊ ಆಡುತ್ತಾಳೆ.

ಅವಳ ತಾಯಿ ಏಳನೇ ತರಗತಿಯವರೆಗೆ ಓದಿದವರು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲಿನಿಂದ ಗೆರೆ ಎಳೆದು ಅವರು ಇಟ್ಟಿರುವ ಲೆಕ್ಕವನ್ನು ನಾನು ನೋಡಿದೆ. ತಾರೀಖು, ಹೊತ್ತು, ರಕ್ತದ ಅಂಕಿ, ತಿಂದದ್ದು, ಗ್ರಾಂ, ಯೂನಿಟ್. ಮೂವತ್ತೈದು ವರ್ಷ ಇನ್‌ಸ್ಪೆಕ್ಷನ್ ಕಂಡವನು ನಾನು, ಇಷ್ಟು ಚೊಕ್ಕವಾದ ಪುಸ್ತಕ ಶಾಖೆಗಳಲ್ಲೂ ಕಂಡದ್ದು ಕಡಿಮೆ. ಆದರೆ ಪುಟ ತಿರುವುತ್ತಾ ಹೋದ ಹಾಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ರತಿ ತಿಂಗಳು 22, 23ನೇ ತಾರೀಖಿನಿಂದ ರಕ್ತದ ಅಂಕಿಯ ಅಂಕಣ ಖಾಲಿ. ತಿಂದದ್ದು ಬರೆದಿದೆ, ಗ್ರಾಂ ಬರೆದಿದೆ, ಯೂನಿಟ್ ಬರೆದಿದೆ. ಒಂದನೇ ತಾರೀಖಿನ ನಂತರ ಮತ್ತೆ ಅಂಕಿ ಶುರು.

“ಇದೇಕಮ್ಮಾ ಹೀಗೆ?” ಎಂದು ಕೇಳಿದೆ.

“ಅನ್ನ ಅಳೀಲಿಕ್ಕೆ ದುಡ್ಡು ಬೇಡ ಸರ್, ರಕ್ತ ಅಳೀಲಿಕ್ಕೆ ಬೇಕಲ್ಲ. ತಿಂಗಳ ಕೊನೆಗೆ ಸ್ಟ್ರಿಪ್ ಮುಗೀತದೆ, ಸಂಬಳ ಆದ ಮೇಲೆ ತರುದು” ಎಂದರು.

ಅವರು ಹೋಗುವ ಆಸ್ಪತ್ರೆಯಲ್ಲಿ ಇನ್ಸುಲಿನ್ ಉಚಿತವಾಗಿ ಸಿಗುತ್ತದೆ. ಸ್ಟ್ರಿಪ್ ಹೊರಗಿನಿಂದ ಕೊಳ್ಳಬೇಕು. ಕಂಪನಿ ನೋಡಿಕೊಂಡು ಒಂದಕ್ಕೆ ಸುಮಾರು ಹತ್ತರಿಂದ ಇಪ್ಪತ್ತು ರೂಪಾಯಿ. ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಸ್ಟ್ರಿಪ್, 1200ರಿಂದ 2400 ರೂಪಾಯಿ. ಹೋಟೆಲ್ ಕೆಲಸಗಾರನ ಸಂಬಳದಲ್ಲಿ, ಬಾಡಿಗೆ ಕೊಟ್ಟು, ಊರಿಗೆ ಒಂದಿಷ್ಟು ಕಳಿಸಿ, ಇದನ್ನು ತೆಗೆದಿಡುವುದು ಹೇಗೆಂದು ನೀವೇ ಲೆಕ್ಕ ಹಾಕಿ. ರಕ್ತದ ಅಂಕಿ ಇಲ್ಲದೆ ಬರಿಯ ಗ್ರಾಮಿನ ಲೆಕ್ಕ ಅರ್ಧ ಲೆಕ್ಕ. ಜಮೆ ಬರೆದು ಶಿಲ್ಕು ಎಣಿಸದೆ ಬಾಗಿಲು ಮುಚ್ಚಿದಂತೆ.

ಕಳೆದ ಮಳೆಗಾಲದಲ್ಲಿ, ತಿಂಗಳ ಅಂಥದೇ ಕೊನೆಯ ವಾರದಲ್ಲಿ, ಹುಡುಗಿಗೆ ಜ್ವರ ಬಂತು. ಜ್ವರದಲ್ಲಿ ಉಣ್ಣದಿದ್ದರೂ ಸಕ್ಕರೆ ಏರಬಹುದು. ನೋಡಲು ಸ್ಟ್ರಿಪ್ ಇರಲಿಲ್ಲ. ಊಟ ಮಾಡಿಲ್ಲವೆಂದು ಸೂಜಿ ಕಡಿಮೆಯಾಯಿತು. ಮರುದಿನ ವಾಂತಿ, ಏದುಸಿರು. ಕೀಟೋ ಆಸಿಡೋಸಿಸ್ ಎಂದು ವೈದ್ಯರು ಐ.ಸಿ.ಯು.ಗೆ ಸೇರಿಸಿದರು. ಇನ್ಸುಲಿನ್ ಸಾಲದಾಗ ಮೈ ಕೊಬ್ಬನ್ನು ಸುಟ್ಟು ರಕ್ತ ಆಮ್ಲವಾಗುವ ಸ್ಥಿತಿ ಅದು, ಜೀವಕ್ಕೇ ಅಪಾಯ. ಮೂರು ದಿನಕ್ಕೆ ಹುಷಾರಾದಳು. ಬಿಲ್ಲಿಗೆ ನಮ್ಮ ನಿಧಿಯಿಂದ ನೆರವು ಹೋಯಿತು, ನಿಯಮದಲ್ಲಿ ಅವಕಾಶವಿತ್ತು. ಆಸ್ಪತ್ರೆಗೆ ಸೇರಿದವರ ಬಿಲ್ಲಿಗೆ ಮಾತ್ರ ಹಣ ಎಂಬ ನಿಯಮ ನಿಧಿ ಸಣ್ಣದಿದ್ದ ಕಾಲದ್ದು. ಆ ಮೂರು ದಿನಕ್ಕೆ ಕೊಟ್ಟ ಮೊತ್ತದಲ್ಲಿ ಅವಳ ಒಂದು ವರ್ಷಕ್ಕೂ ಮಿಕ್ಕಿದ ಸ್ಟ್ರಿಪ್ ಬರುತ್ತಿತ್ತು. ಈ ಮಾತನ್ನು ಉಪಸಮಿತಿಯಲ್ಲಿ ಅಂಕಿಸಹಿತ ಮುಂದಿಟ್ಟಾಗ ಯಾರೂ ವಿರೋಧಿಸಲಿಲ್ಲ.

ಈ ವರ್ಷದಿಂದ ನಿಧಿಯಲ್ಲಿ ಸ್ಟ್ರಿಪ್ಪಿಗಾಗಿ ಪ್ರತ್ಯೇಕ ಖಾತೆ ತೆರೆಯಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಮೊದಲ ಆದ್ಯತೆ ಮೊದಲನೇ ಬಗೆಯ ಮಕ್ಕಳಿಗೆ, ಆಮೇಲೆ ಇನ್ಸುಲಿನ್ ತೆಗೆದುಕೊಳ್ಳುವ ಗರ್ಭಿಣಿಯರಿಗೆ ಮತ್ತು ಒಂಟಿಯಾಗಿರುವ ಹಿರಿಯರಿಗೆ. ಹಣದ ಬದಲು ಸ್ಟ್ರಿಪ್ಪುಗಳನ್ನೇ ಕೊಡುತ್ತೇವೆ. ಅರ್ಜಿಯೊಂದಿಗೆ ವೈದ್ಯರ ಚೀಟಿ ಮತ್ತು ಮನೆಯಲ್ಲಿ ಇಟ್ಟ ಲೆಕ್ಕದ ಪುಸ್ತಕ ತರಬೇಕು. ಪುಸ್ತಕವಿಲ್ಲದವರು ಹಿಂಜರಿಯಬೇಡಿ. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ನಾನು ತಕ್ಕಡಿ, ವಾಟಿ ಇಟ್ಟುಕೊಂಡು ಕೂತಿರುತ್ತೇನೆ. ಗೆರೆ ಎಳೆಯುವುದರಿಂದ ಹಿಡಿದು ಅನ್ನ ಭಾಗಿಸುವ ತನಕ ಹೇಳಿಕೊಡುತ್ತೇನೆ. ಸೂಜಿಯ ಪ್ರಮಾಣದ ಪ್ರಶ್ನೆ ಮಾತ್ರ ವೈದ್ಯರಿಗೇ.

ದಾನಿಗಳಲ್ಲಿ ವಿನಂತಿ. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಡುವವರ ಉಪಕಾರ ಸಣ್ಣದಲ್ಲ. ಆದರೆ ಈ ಖಾತೆಗೆ ಬೇಕಾಗಿರುವುದು ತಿಂಗಳು ತಿಂಗಳು ತಪ್ಪದೆ ಬರುವ ಹಣ, ಏಕೆಂದರೆ ಸ್ಟ್ರಿಪ್ಪಿನ ಖರ್ಚೂ ತಿಂಗಳು ತಿಂಗಳು ತಪ್ಪದೆ ಬರುತ್ತದೆ. ನಿಮ್ಮ ಬ್ಯಾಂಕಿಗೆ ಒಂದು ಸ್ಥಾಯಿ ಸೂಚನೆ ಬರೆದುಕೊಟ್ಟರೆ ಸಾಕು. ಒಬ್ಬೊಬ್ಬರು ತಿಂಗಳಿಗೆ 300 ರೂಪಾಯಿಯಂತೆ ಕೊಟ್ಟರೆ ಆರು ಮಂದಿ ಸೇರಿ ಒಂದು ಮಗುವಿನ ತಿಂಗಳನ್ನು ದಾಟಿಸಬಹುದು. ರಸೀದಿಯನ್ನು ಕೇಳಿ ಪಡೆಯಿರಿ. ಮೂರು ತಿಂಗಳಿಗೊಮ್ಮೆ ಈ ಖಾತೆಯ ಜಮಾ ಖರ್ಚು ಇದೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆ.

ಕೆಲವರು ಮನೆಯಲ್ಲಿ ಉಳಿದ ಸ್ಟ್ರಿಪ್ಪುಗಳನ್ನೇ ತಂದು ಕೊಡುತ್ತೇವೆ ಎಂದಿದ್ದಾರೆ. ಸಂತೋಷ. ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದರ ಮೀಟರಿಗೆ ಆಗುವುದಿಲ್ಲ, ಆದ್ದರಿಂದ ಮೀಟರಿನ ಹೆಸರನ್ನೂ ಬರೆದು ಕೊಡಿ. ಒಡೆಯದ ಡಬ್ಬಿಯಾಗಿರಲಿ. ಒಡೆದ ಡಬ್ಬಿಯ ಸ್ಟ್ರಿಪ್ಪಿಗೆ ಗಾಳಿಯ ತೇವ ತಗುಲಿದರೆ ಅಂಕಿ ತಪ್ಪಾಗಿ ಬರುತ್ತದೆ. ಡಬ್ಬಿಯ ಮೇಲಿನ ಕೊನೆಯ ತಾರೀಖಿಗೆ ಕನಿಷ್ಠ ಮೂರು ತಿಂಗಳಾದರೂ ಬಾಕಿ ಇರಬೇಕು.